ನಳದ ಮೂಲೆಯ ಮದರಂಗಿ

ಅಕ್ಟೋಬರ್ 5, ಭಾನುವಾರ

ಚರ್ಚಿನ ನೆನಪಿನ ತೋಟ ಇವತ್ತಿನಿಂದ ನನ್ನದು, ಪೂರ್ತಿ ನನ್ನದು, ಫಾದರ್ ಪೂಜೆ ಮುಗಿದ ಮೇಲೆ ಎಲ್ಲರ ಮುಂದೆ ನನ್ನ ಹೆಸರು ಕರೆದು ಹೇಳಿದರು. ನವೆಂಬರ್ ಎರಡರ ಸತ್ತವರ ದಿನಕ್ಕೆ ತೋಟವನ್ನು ಅಣಿ ಮಾಡುವ ಕೆಲಸ ಈ ಸಲ ಮುತ್ತುರಾಜನ ಹೆಂಡತಿ ಶಾರೋನಳದು ಅಂತ. ಮದುವೆಯಾಗಿ ಹುಬ್ಬಳ್ಳಿಯಿಂದ ಇಂಡಿಗೆ ಬಂದು ಐದು ತಿಂಗಳಾಯಿತು. ಇಷ್ಟು ದಿನ ನಾನು ಯಾರದೋ ಸೊಸೆ, ಯಾರದೋ ಹೆಂಡತಿ. ಇವತ್ತು ಮೊದಲ ಸಲ ನಾನೇ ಒಬ್ಬಳು ಆದ ಹಾಗೆ ಅನಿಸಿತು. ಮನೆಗೆ ಬರುವಾಗ ಮುತ್ತುವಿನ ಬೈಕಿನ ಹಿಂದೆ ಕುಳಿತು ಹಾಡಿದೆ. "ಸತ್ತವರ ತ್ವಾಟಾ ಕೊಟ್ಟದ್ದಕ್ಕ ಇಷ್ಟ ಖುಷಿಪಟ್ಟಾಕಿನ್ನ ನಾ ಎಲ್ಲೂ ಕಂಡಿಲ್ಲ ಮಾರಾಯ್ತಿ" ಅಂದ.

ಅವನಿಗೇನು ಗೊತ್ತು. ಎಷ್ಟು ಚೆಂದದ ಯೋಚನೆ ಆ ತೋಟ. ನಮ್ಮವರ ಸ್ಮಶಾನ ಊರ ಹೊರಗಿದೆ, ಕರಿ ಎರೆಮಣ್ಣು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ನೆಟ್ಟ ಕಲ್ಲು ನಾಲ್ಕು ವರ್ಷದಲ್ಲಿ ವಾಲಿ, ಆರನೆಯ ವರ್ಷಕ್ಕೆ ಮಲಗಿಬಿಡುತ್ತದಂತೆ. ಅದಕ್ಕೇ ಹಿಂದಿನವರು ಕಲ್ಲಿನ ಆಸೆ ಬಿಟ್ಟು, ಚರ್ಚಿನ ಮಗ್ಗುಲಲ್ಲಿ ತೀರಿಹೋದ ಒಬ್ಬೊಬ್ಬರ ಹೆಸರಿಗೆ ಒಂದೊಂದು ಗಿಡ ನೆಟ್ಟರು. ಬುಡದಲ್ಲಿ ತಗಡಿನ ಚೀಟಿ, ಅದರ ಮೇಲೆ ಹೆಸರು, ತಾರೀಖು. ಇದು ಇಂಡಿಯಲ್ಲವೇ, ಮುಕ್ಕಾಲು ಪಾಲು ಲಿಂಬೆಗಿಡಗಳೇ. ಸತ್ತವರ ಲಿಂಬೆಹಣ್ಣನ್ನು ಯಾರೂ ಮಾರುವುದಿಲ್ಲ, ಬೇಕಾದವರು ಉಪ್ಪಿನಕಾಯಿಗೆ ಒಯ್ಯುತ್ತಾರೆ.

ಅತ್ತೆಗೆ ಹೇಳಿದೆ. "ಚಲೋ ಆತು, ಶಾರವ್ವ" ಅಂದರು, ಅಷ್ಟೇ. ನಮ್ಮ ಕಟ್ಟೆಯ ಮೇಲೆ ನಿಂತರೆ ತೋಟ ಪೂರ್ತಿ ಕಾಣುತ್ತದೆ, ಆದರೆ ಅತ್ತೆ ಆ ಕಡೆ ಹೋಗುವುದೇ ಇಲ್ಲ. ಮಾವನ ಗಿಡಕ್ಕೂ ಮುತ್ತುವೇ ಹೋಗಬೇಕು.

ಅಕ್ಟೋಬರ್ 7, ಮಂಗಳವಾರ

ತೋಟದಲ್ಲಿ ಇಡೀ ಬೆಳಿಗ್ಗೆ. ನಲವತ್ತಮೂರು ಗಿಡ, ನಲವತ್ತೆರಡು ಚೀಟಿ. ಚೀಟಿಗಳಿಗೆಲ್ಲ ಹೊಸ ಬಣ್ಣ ಬಳಿಸಬೇಕು, ದಾರಿಗೆ ಸುಣ್ಣದ ಗೆರೆ, ನಳದ ಹತ್ತಿರ ಕೂರಲು ಒಂದು ಬೆಂಚು, ಹಿಂದೆ ಚೆಂಡುಹೂವಿನ ಮಡಿ. ಅಲ್ಲಿ ಕೂತು ತೆಗೆದ ಫೋಟೊ ಹೇಗೆ ಬರುತ್ತದೆಂದು ನನಗೆ ಈಗಲೇ ಕಾಣುತ್ತಿದೆ.

ನೀರು ಹಾಕುವವರು ರಸೂಲಸಾಬ ಅಂತ, ಅರವತ್ತೈದು ದಾಟಿದವರು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಮಗಳು ಮುಬೀನಾ ಸಿಂದಗಿಯಲ್ಲಿ ಹೆತ್ತಿದ್ದಾಳಂತೆ, ಒಂದು ವಾರ ಹೋಗಿ ಬರುತ್ತೇನೆ ಅಂದರು. ಹೋಗುವ ಮುಂಚೆ ಒಂದೊಂದು ಗಿಡವನ್ನೂ ಪರಿಚಯ ಮಾಡಿಸಿದರು, ಮನೆಮಂದಿಯನ್ನು ಮಾಡಿಸುವ ಹಾಗೆ. ನಳದ ಮೂಲೆಯಲ್ಲಿ ಎದೆಯೆತ್ತರದ ಮದರಂಗಿ ಗಿಡ, ಅದಕ್ಕೆ ಚೀಟಿ ಇಲ್ಲ. ಇದು ಯಾರದು ಅಂದೆ. "ಅದಕ್ಕೂ ಒಬ್ಬರು ಅದಾರ್ರಿ, ಬಾಯಾರ. ನೀರ ಮಾತ್ರ ತಪ್ಪಸಬ್ಯಾಡ್ರಿ" ಅಂದರು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಬಾಗಿಲಿನ ಪರದೆಗೆ ತಿಳಿಹಸಿರು ತರಲೋ ನೀಲಿ ತರಲೋ ಅಂತ ಕೇಳಿದಳು. ನೀಲಿ ಅಂದೆ.

ಅಕ್ಟೋಬರ್ 9, ಗುರುವಾರ

ನನ್ನ ಕೈ ನೋಡಬೇಕು. ಮದುವೆಯಲ್ಲಿ ಹಾಕಿದ ಕೋನಿನ ಮದರಂಗಿಯ ಬಣ್ಣ ಎರಡು ದಿನಕ್ಕೇ ಕಿತ್ತುಹೋಗಿತ್ತು, ಅವತ್ತೆಲ್ಲ ಅತ್ತಿದ್ದೆ. ಇವತ್ತು ಆ ಮೂಲೆಯ ಗಿಡದ ಎಲೆಯನ್ನು ಪೂರ್ತಿ ತರಿದು ತಂದೆ, ಒಂದು ಪಾತ್ರೆ ತುಂಬ. ಲಿಂಬೆರಸ, ಚಹಾ ಕಷಾಯ ಹಾಕಿ ರುಬ್ಬಿ ಹಚ್ಚಿ ಮಧ್ಯಾಹ್ನವೆಲ್ಲ ಕೈ ಕಟ್ಟಿ ಕೂತೆ. ಎಂಥ ಬಣ್ಣ ಬಂತೆಂದರೆ ಮುತ್ತು ಅಗರಖೇಡದ ಸಾಲೆಯಲ್ಲಿ ಪಾಠ ಮಾಡಿ ಬಂದವನು ಚೀಲ ಇಳಿಸುವುದನ್ನೂ ಮರೆತ. ಹತ್ತು ಜನರಿಗೆ ಫೋಟೊ ಕಳಿಸಿದೆ.

ಅತ್ತೆ ರೊಟ್ಟಿ ಬೇಯಿಸುತ್ತಿದ್ದರು. "ಎಲ್ಲೀದವ್ವ ಇದು?" ಅಂದರು. ಚರ್ಚಿನ ತೋಟದ್ದು ಅಂದೆ. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯೆದ್ದಿತು, ನಾನೇ ತೆಗೆದೆ. ಅವರಿಗೆ ವಯಸ್ಸಾಗುತ್ತಿದೆ ಪಾಪ.

ಅಕ್ಟೋಬರ್ 11, ಶನಿವಾರ

ತೋಟ ಮುಗಿದ ಹಾಗೇ. ಎಲೆ ತರಿದ ಮೇಲೆ ಆ ಮದರಂಗಿ ಬರೀ ಕಡ್ಡಿಯಾಗಿ ನೋಡಲಾಗದ ಹಾಗೆ ನಿಂತಿತ್ತು. ಕಳೆ ತೆಗೆಯಲು ಬಂದ ಇಬ್ಬರು ಆಳುಗಳಿಗೆ, ಇದಕ್ಕೆ ಹೆಸರಿಲ್ಲ, ತೆಗೆದುಬಿಡಿ ಅಂದೆ. ಎಂಥ ಬೇರು ಅಂತೀರಿ, ಗುದ್ದಲಿಗೆ ಒಂದು ತಾಸು ಬಗ್ಗಲಿಲ್ಲ. ಕೊನೆಗೆ ಹಾರೆ ಹಾಕಿ ಮೀಟಿದರು. ಕಸದ ಜೊತೆ ಟ್ರಾಲಿಯಲ್ಲಿ ಹೋಯಿತು. ಅಲ್ಲೀಗ ಬೆಂಚು, ಹಿಂದೆ ಚೆಂಡುಹೂ. ಚರ್ಚಿನ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಐವತ್ತೊಂದು ಹೆಬ್ಬೆರಳು, ನಾಲ್ಕು ಹೃದಯ. ಸಭೆಯ ಹಿರಿಯರು ಗುರುಲಿಂಗಪ್ಪನವರು, ಯಾರನ್ನೂ ಹೊಗಳದವರು, "ಶಿಸ್ತು ಬಂತು" ಅಂತ ಬರೆದರು.

ಅಕ್ಟೋಬರ್ 15, ಬುಧವಾರ

ಹೇಗೆ ಬರೆಯಲಿ. ನಡೆದ ಹಾಗೆಯೇ ಬರೆಯುತ್ತೇನೆ.

ರಸೂಲಸಾಬ ಬೆಳಿಗ್ಗೆ ಬಂದರು. ನಾನು ಗುರುಲಿಂಗಪ್ಪನವರಿಗೆ ಸುಣ್ಣದ ಗೆರೆ ತೋರಿಸುತ್ತಿದ್ದೆ. ಅವರು ನೇರ ನಳದ ಹತ್ತಿರ ಹೋದರು, ಬೆಂಚನ್ನು ನೋಡಿದರು, ಬಗ್ಗಿ ಅದರ ಕೆಳಗೂ ನೋಡಿದರು. "ಇಲ್ಲಿಂದು ಎಲ್ಲಿ ಹೋತ್ರಿ?" ಅಂದರು. ದನಿ ಏರಿಸಲಿಲ್ಲ. ಮುಖ ಮಾತ್ರ ಬೇರೆಯಾಗಿತ್ತು.

"ಯಾವುದು?" ಅಂದರು ಗುರುಲಿಂಗಪ್ಪ.

"ಕೃಪಾಬಾಯಿದು. ಮದರಂಗಿ."

ಕೃಪಾ ಅಂದರೆ ಮುತ್ತುವಿನ ಅಕ್ಕ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಗಲಿಲ್ಲ ಅಂತ ನಮ್ಮ ಮದುವೆಗೆ ಬರಲಿಲ್ಲ, ನನಗೆ ಗೊತ್ತಿದ್ದದ್ದು ಅಷ್ಟೇ. ಗುರುಲಿಂಗಪ್ಪ ನನ್ನ ಕಡೆ ತಿರುಗಿದರು. ನಾನು ಕೈಗಳನ್ನು ಸೆರಗಿನ ಒಳಗೆ ಎಳೆದುಕೊಂಡೆ, ಬಾಯಿ ತಾನಾಗಿ ಹೇಳಿತು: "ನನಗ ಗೊತ್ತಿಲ್ರಿ. ಆಳುಗಳು ತಿಳೀದ ಕಿತ್ತಿರಬೇಕು."

"ನೋಡ್ರಿ ರಸೂಲಸಾಬ್ರ, ಎಂಟ ದಿನಾ ಬಿಟ್ಟ ಹೋಗೂದು ನೀವು. ಆಳುಗಳಿಗೆ ಹೇಳಿ ಹೋಗೂದು ಯಾರ ಕೆಲಸ?" ಅಂದರು ಗುರುಲಿಂಗಪ್ಪ.

ರಸೂಲಸಾಬ ನನ್ನನ್ನು ಒಮ್ಮೆ ನೋಡಿ, "ನಂದ ಕೆಲಸರಿ" ಅಂದರು.

ಗುರುಲಿಂಗಪ್ಪ ಹೋದ ಮೇಲೆ ಚೆಂಡುಹೂವಿಗೆ ನೀರು ಬಿಡುತ್ತಾ ಅವರೇ ಹೇಳಿದರು. ಕೃಪಕ್ಕ ಅಮೀರ ಎನ್ನುವವನನ್ನು ಮದುವೆಯಾಗಿದ್ದರು. ಇಂಡಿಯಿಂದ ಸೊಲ್ಲಾಪುರದ ಪೇಟೆಗೆ ಲಿಂಬೆಹಣ್ಣು ಒಯ್ಯುವ ಲಾರಿಯ ಡ್ರೈವರ್. ಎರಡೂ ಮನೆಯವರು ಬಾಗಿಲು ಹಾಕಿಕೊಂಡರು. ಕೊರೋನಾದ ಎರಡನೆಯ ವರ್ಷ ಅವನು ತೀರಿಹೋದ. ಕೃಪಕ್ಕ ಅದೇ ರೋಗದಲ್ಲಿ ಮಲಗಿದ್ದರು, ಮಣ್ಣಿಗೆ ಹೋಗಲಾಗಲಿಲ್ಲ. ಆಮೇಲೆ ಅವನ ತಾಯಿ ಜೈತುನಬಿ ಹಿತ್ತಲಿನ ಮದರಂಗಿಯಿಂದ ಒಂದು ಕಡ್ಡಿ ಮುರಿದು ಕೊಟ್ಟರಂತೆ. ಸೊಸೆ ಎಂದು ಕೊಟ್ಟದ್ದು ಅದೊಂದೇ. ಅದನ್ನು ಹಿಡಿದು ಕೃಪಕ್ಕ ಇಲ್ಲಿಗೆ ಬಂದರು. ಅವನು ಸಭೆಯವನಲ್ಲ, ಚೀಟಿ ಹಾಕಲು ಆಗುವುದಿಲ್ಲ ಅಂದರು ಹಿರಿಯರು. ಆಗಿನ ಫಾದರ್, ಗಿಡಕ್ಕೆ ಯಾರ ಅಪ್ಪಣೆಯೂ ಬೇಡ ಅಂದರು. ಗುಂಡಿ ತೋಡಿದ್ದು ರಸೂಲಸಾಬ.

"ವರ್ಷಾ ಸತ್ತವರ ದಿನಾ ಬರ್ತಾಳ್ರಿ. ಮಂದಿ ಎಲ್ಲಾ ಹೋದಮ್ಯಾಲ. ಒಂದ ಕೊಡಾ ನೀರ ಹಾಕಿ ಕುಂತು ಹೋಗ್ತಾಳ. ಅವ್ವನ ಮನಿ ಅಲ್ಲೇ ಕಾಣತೈತಿ, ಒಳಗ ಹೋಗೂದಿಲ್ಲ."

ನಾನು ಸೆರಗಿನಿಂದ ಕೈ ತೆಗೆಯದೆ ಮನೆಗೆ ಬಂದೆ.

ಅಕ್ಟೋಬರ್ 17, ಶುಕ್ರವಾರ

ಕೈಗೆ ಸೋಡಾ, ಲಿಂಬೆ, ಪಾತ್ರೆ ತಿಕ್ಕುವ ಪುಡಿ ಎಲ್ಲ ಹಾಕಿ ತಿಕ್ಕಿದೆ. ಚರ್ಮ ಸುಲಿಯಿತು, ಬಣ್ಣ ಹೋಗಲಿಲ್ಲ.

ನನಗೆ ಗೊತ್ತಿರಲಿಲ್ಲ. ಚೀಟಿ ಇಲ್ಲದ್ದನ್ನು ಯಾರಾದರೂ ತೆಗೆಯುತ್ತಿದ್ದರು.

ಅಕ್ಟೋಬರ್ 19, ಭಾನುವಾರ

ಪೂಜೆಯ ನಂತರ ಗುರುಲಿಂಗಪ್ಪ ಹೇಳಿದರು, ರಸೂಲಸಾಬರಿಗೆ ವಯಸ್ಸಾಯಿತು, ನಾಳೆಯಿಂದ ಬರುವುದು ಬೇಡ ಅಂತ ಹೇಳಿದ್ದೇವೆ. ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ಎದ್ದು ನಿಲ್ಲಲು ಎಷ್ಟು ಹೊತ್ತು ಬೇಕು? ಕೂತೇ ಇದ್ದೆ. ಕೈ ಮುಗಿಯುವಾಗ ಬೆರಳ ತುದಿ ಕಾಣದ ಹಾಗೆ ಮಡಚಿದೆ.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಕಸ ಸುರಿಯುವ ಜಾಗಕ್ಕೆ ಆಟೋ ಮಾಡಿಸಿಕೊಂಡು ಹೋದೆ. ಒಂದು ಬೇರಾದರೂ ಸಿಕ್ಕರೆ ಮತ್ತೆ ಚಿಗುರುತ್ತದೆಂದು ಫೋನಿನಲ್ಲಿ ಓದಿದ್ದೆ. ಎಲ್ಲ ಸುಟ್ಟು ಬೂದಿಯಾಗಿತ್ತು. ಆಟೋದವನು, "ಉಂಗುರಾ ಕಳದೀರೇನ್ರಿ ಅಕ್ಕಾರ?" ಅಂದ. ಹೌದು ಅಂದುಬಿಟ್ಟೆ. ಪಾಪ, ಅವನೂ ಕಡ್ಡಿ ಹಿಡಿದು ಅರ್ಧ ತಾಸು ಬೂದಿ ಕೆದಕಿದ.

ವಾಪಸು ಬರುವಾಗ ನರ್ಸರಿಯಿಂದ ಇನ್ನೊಂದು ಮದರಂಗಿ ಸಸಿ ತಂದೆ. ಮೊಣಕಾಲೆತ್ತರ. ಬೆಂಚು ಸರಿಸಿ ಅದೇ ಜಾಗದಲ್ಲಿ ಗುಂಡಿ ತೋಡಿ ನೆಟ್ಟೆ. ಕಳೆ ತೆಗೆಯುವಾಗ ಕತ್ತರಿಸಿದರು, ಮತ್ತೆ ಚಿಗುರಿದೆ ಅಂದರೆ ಯಾರಿಗೆ ತಿಳಿಯುತ್ತದೆ. ಹಾಗಂದುಕೊಂಡು ಮನೆಗೆ ಬಂದು, ರಸೂಲಸಾಬ ಗಿಡದ ಬಗ್ಗೆ ಹಿಂದೆ ಏನಾದರೂ ಹೇಳಿದ್ದರೇ ನೋಡೋಣ ಎಂದು ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ. ನನಗೇನೂ ಹೇಳಿರಲಿಲ್ಲ ಎಂದು ನನಗೆ ಖಾತ್ರಿ ಇತ್ತು.

ಏಳನೆಯ ತಾರೀಖು. ನನ್ನದೇ ಅಕ್ಷರ. ಅದಕ್ಕೂ ಒಬ್ಬರು ಅದಾರ್ರಿ. ಮುಂದಿನ ಸಾಲಿನಲ್ಲಿ ಪರದೆಯ ಬಣ್ಣ.

ಗೊತ್ತಿತ್ತು ನನಗೆ. ಕೇಳಿ, ಮನೆಗೆ ಬಂದು ಬರೆದೂ ಇಟ್ಟಿದ್ದೆ.

ಅಕ್ಟೋಬರ್ 24, ಶುಕ್ರವಾರ

ಬೆಳಿಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು, ನಾನು ಬೇಯಿಸುತ್ತಿದ್ದೆ. ನನಗೆ ಇನ್ನು ಆಗುತ್ತಿರಲಿಲ್ಲ. "ಅತ್ತಿ, ಆ ಗಿಡಾ ಕೀಳಿಸಿದಾಕಿ ನಾನರಿ" ಅಂದೆ.

ಬಡಿಯುವ ಕೈ ನಿಲ್ಲಲಿಲ್ಲ. "ಗೊತ್ತೈತಿ."

"ಹ್ಯಾಂಗ ಗೊತ್ತಾತು?"

"ಕಟ್ಟಿ ಮ್ಯಾಲೆ ಕುಂತ ಜ್ವಾಳಾ ಹಸನ ಮಾಡತಿದ್ದೆ. ಹಾರಿ ಹಾಕಿ ಮೀಟೂದು ಕಂಡೆ."

"ಮತ್ಯಾಕ ಸುಮ್ಮನಿದ್ರಿ? ರಸೂಲಸಾಬರನ್ನ ಬಿಡಿಸಿದ್ರು."

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಮಾತಾಡಿದರು. "ನೀ ಯಾಕ ಸುಮ್ಮನಿದ್ದಿ? ಹಂಗ ನಾನೂ. ಹೋದದ್ದು ಚಲೋ ಆತು ಅನ್ನಿಸ್ತವ್ವ, ಖರೇನ ಹೇಳ್ತೇನಿ. ಆ ಗಿಡಾ ಇಲ್ಲಂದ್ರ ಆಕಿ ಬರೂದಿಲ್ಲ, ಮಂದಿ ನನ್ನ ಮಾರಿ ನೋಡೂದಿಲ್ಲ ಅಂತ. ಆಮ್ಯಾಲ ಹೊಳೀತು. ವರ್ಷದಾಗ ಆಕಿನ್ನ ನಾ ನೋಡೂದ ಅದೊಂದ ದಿನಾ. ಬಾಗಲಾ ಸ್ವಲ್ಪ ತಕ್ಕೊಂಡು ಹಿಂದ ನಿಂತಿರತೇನಿ. ಹೋದ ವರ್ಷ ಸೊರಗಿದ್ದಳು. ಅದಕ್ಕೂ ಹಿಂದಿನ ವರ್ಷ ಕನ್ನಡಕ ಬಂದಿತ್ತು."

ನಾನು ಬಿಕ್ಕಿದೆ. "ಅಳಬ್ಯಾಡ, ರೊಟ್ಟಿ ಹೊಳ್ಳಿಸು" ಅಂದರು.

ಅಕ್ಟೋಬರ್ 26, ಭಾನುವಾರ

ಹೇಳಿದೆ. ಪೂಜೆಯ ಕೊನೆಗೆ ಫಾದರ್ ಪ್ರಕಟಣೆ ಓದಿ ಮುಗಿಸಿದಾಗ ಎದ್ದು ನಿಂತೆ. ರಾತ್ರಿ ಬರೆದು ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. ಎಲೆ ತರಿದಾಕಿ ನಾನು, ಕೀಳಿಸಿದಾಕಿ ನಾನು, ಸುಳ್ಳು ಹೇಳಿದಾಕಿ ನಾನು, ಈಗಿರುವ ಸಸಿ ನರ್ಸರಿಯದು ಅಂದೆ. ಹೆಂಗಸರ ಸಾಲಿನಿಂದ ಯಾರೋ, "ಹುಬ್ಬಳ್ಳಿ ಸಾಲ್ಯಾಗ ಇದನ್ನ ಕಲಿಸ್ಯಾರ ನೋಡು" ಅಂದರು. ಗುರುಲಿಂಗಪ್ಪ ಕನ್ನಡಕ ಒರೆಸುತ್ತಾ, "ಆತು, ಕೂಡ್ರಿ, ಕೂಡ್ರಿ" ಅಂದರು. ನಾನು ಕೂರಲಿಲ್ಲ. ರಸೂಲಸಾಬರನ್ನು ಕರೆಯಿರಿ ಅಂದೆ. ನೋಡೋಣ ಅಂದರು. ಫಾದರ್, "ನೋಡೂದೇನೈತಿ, ನಾನ ಹೋಗಿ ಕರೀತೇನಿ" ಅಂದರು.

ಅವರಿಗಿಂತ ಮುಂಚೆ ನಾನು ಹೋದೆ. ರಸೂಲಸಾಬ ಅಂಗಳದಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಎಲ್ಲ ಕೇಳಿದರು. "ಅವತ್ತ ಗೊತ್ತಿತ್ರಿ ನನಗ. ಕೈ ಮುಚ್ಚಿಕೊಂಡ್ರಲ್ಲ" ಅಂದರು.

"ಮತ್ಯಾಕ ಹೇಳಲಿಲ್ಲ ಕಾಕಾ?"

"ಹೊಸಾ ಸೊಸಿ. ಆ ಮನ್ಯಾಗ ಈಗಾಗ್ಲೇ ಒಬ್ಬಾಕಿ ಹೊರಗ ಅದಾಳ. ಇನ್ನೊಬ್ಬಾಕಿನ್ನ ನಾ ಹಾಕ್ಲಿ?" ಕಣ್ಣು ಒರೆಸಿಕೊಂಡರು. "ಇದು ಉಳ್ಳಾಗಡ್ಡಿದು, ನಿಮ್ಮ ಸಲುವಾಗಿ ಅಲ್ಲ ಮತ್ತ. ಎಂಟ ದಿನಾ ಆತು, ನಮ್ಮಾಕಿ ಇದಕ್ಕ ಹಚ್ಯಾಳ. ತ್ವಾಟದ ಕೆಲಸಾನ ಹಗರ ಇತ್ತು."

ಹೊರಡುವಾಗ ಹೇಳಿದರು: "ನನ್ನ ಮುಂದ ಹೇಳಿದ್ದು ಆತು, ತಂಗಿ. ಗಿಡಾ ನಂದಲ್ಲಲ್ಲ."

ಬರುವ ದಾರಿಯಲ್ಲಿ ತೋಟಕ್ಕೆ ಹೋಗಿ ನರ್ಸರಿಯ ಸಸಿಯನ್ನು ಕಿತ್ತು ಕುಂಡಕ್ಕೆ ಹಾಕಿದೆ. ಬೆಂಚನ್ನೂ ಇನ್ನಷ್ಟು ಅತ್ತ ಸರಿಸಿದೆ. ಗುಂಡಿ ಹಾಗೇ ಇರಲಿ.

ಅಕ್ಟೋಬರ್ 29, ಬುಧವಾರ

ಮುತ್ತು ಸಾಲೆಯಿಂದ ಅಕ್ಕನಿಗೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಾನಂತೆ, ಅವ್ವನಿಗೆ ತಿಳಿಯದ ಹಾಗೆ. ಮೂರು ದಿನದಿಂದ ಅವನು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಇವತ್ತು ನಂಬರ್ ಬರೆದು ಟೇಬಲ್ ಮೇಲಿಟ್ಟು ಹೋದ.

ಮೂರು ಸಲ ರಿಂಗಾದ ಮೇಲೆ ಎತ್ತಿದರು. ನಾನು ಯಾರೆಂದು ಹೇಳಿದೆ. ಮಾಡಿದ್ದೆಲ್ಲ ಹೇಳಿದೆ, ಸಣ್ಣದು ಮಾಡದೆ. ಆ ಕಡೆ ಆಸ್ಪತ್ರೆಯ ಸದ್ದು, ಯಾರೋ ಮರಾಠಿಯಲ್ಲಿ ಕೂಗುತ್ತಿದ್ದರು.

ಕೃಪಕ್ಕ ಕೇಳಿದರು, "ಬಣ್ಣಾ ಚಲೋ ಬಂತೇನು?"

ಏನು ಹೇಳಬೇಕಿತ್ತು? "ಭಾಳ ಕೆಂಪ ಬಂತ್ರಿ, ಅಕ್ಕಾರ" ಅಂದೆ.

"ಅವರ ಹಿತ್ತಲದ್ದು ಹಂಗ. ನನ್ನ ಮದಿವ್ಯಾಗ ಹದಿನೈದ ದಿನಾ ಇತ್ತು. ಡ್ಯೂಟಿ ಮ್ಯಾಲೆ ಎಲ್ಲಾರೂ ನಗತಿದ್ರು."

"ಅಲ್ಲಿಂದ ಇನ್ನೊಂದ ಕಡ್ಡಿ..."

"ಆ ಹಿತ್ತಲಾ ಈಗ ಇಲ್ಲ. ಮನಿ ಮಾರಿ ಹೋದ್ರು ಅವರು."

ಆಮೇಲೆ, "ಹೇಳಿದ್ದು ಚಲೋ ಮಾಡಿದಿ. ಈ ಸಲಾ ನಾ ಬರೂದಿಲ್ಲ ಹಂಗಾದ್ರ. ಬಂದ ಏನ ನೋಡ್ಲಿ?" ಅಂದರು. ಸಿಟ್ಟಿರಲಿಲ್ಲ. ಬಸ್ಸು ತಪ್ಪಿದವರು ಹೇಳುವ ಹಾಗೆ ಹೇಳಿ ಇಟ್ಟರು.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬರೂದಿಲ್ಲಂತ್ರಿ ಅಂದೆ. ಒಳಗೆ ಹೋದರು. ಇವತ್ತು ಅವರು ಊಟ ಮಾಡಲಿಲ್ಲ.

ಅಕ್ಟೋಬರ್ 31, ಶುಕ್ರವಾರ

ಎರಡು ದಿನದಿಂದ ಅತ್ತೆ ಕಟ್ಟೆಯ ಮೇಲೆ ಕೂತು ಆ ಗುಂಡಿಯನ್ನೇ ನೋಡುತ್ತಿದ್ದಾರೆ. ಇವತ್ತು ಸಂಜೆ ಒಳಗೆ ಬಂದು, "ಫೋನ ಹಚ್ಚಿ ಕೊಡು" ಅಂದರು.

ಹಚ್ಚಿ ಕೊಟ್ಟು ಹೊರಗೆ ಹೋಗಬೇಕೆಂದಿದ್ದೆ, ಕೈ ಹಿಡಿದು ಕೂರಿಸಿಕೊಂಡರು. ಅವರ ಮಾತಷ್ಟೇ ನನಗೆ ಕೇಳಿಸಿದ್ದು.

"ನಾನವ್ವ." ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. "ಊಟಾ ಆತೇನು? ... ಏನ ಮಾಡಿದ್ದಿ? ... ಅದಕ್ಕ ಶೇಂಗಾ ಪುಡಿ ಹಾಕ್ತೀಯೋ ಇಲ್ಲೋ? ... ಹೂಂ." ನನ್ನ ಕೈಯನ್ನು ಹಿಂಡುತ್ತಿದ್ದರು. "ಇಲ್ಲಿ ಕೇಳು. ಗಿಡಾ ಶಾರವ್ವ ಕೀಳಿಸ್ಯಾಳ, ನಾ ಕುಂತ ನೋಡೇನಿ. ಬ್ಯಾಡ ಅಂತ ಒಂದ ಮಾತ ಅಂದಿದ್ರ ಉಳೀತಿತ್ತು, ಅನ್ನಲಿಲ್ಲ ನಾ. ನಾಕ ವರ್ಷ ಏನೂ ಅನ್ನಲಿಲ್ಲ. ನೀ ಬಂದು ನಮ್ಮನ್ನ ಬೈಬೇಕು, ಇಬ್ಬರನ್ನೂ. ಫೋನಿನಾಗ ಬ್ಯಾಡ, ಮನಿಯೊಳಗ ನಿಂತು ಬೈಬೇಕು. ಬೈಯಾಕರ ಬಾ."

ಫೋನನ್ನು ನನಗೆ ಕೊಟ್ಟರು. ಅದಾಗಲೇ ಕಟ್ಟಾಗಿತ್ತು. ಏನಂದ್ರು ಅಂತ ಕೇಳಿದೆ. "ಏನೂ ಅನಲಿಲ್ಲ. ಅಳಾಕತ್ತಿದ್ದಳು, ಇಟ್ಟಳು" ಅಂದರು.

ನವೆಂಬರ್ 1, ಶನಿವಾರ

ಬೆಳಿಗ್ಗೆಯಿಂದ ಕೃಪಕ್ಕನಿಂದ ಏನೂ ಇಲ್ಲ. ತೋಟಕ್ಕೆ ಹೋಗಿ, ಫಾದರ್ ಮತ್ತೆ ಕರೆಸಿದ ರಸೂಲಸಾಬರ ಜೊತೆ ಎಲ್ಲ ಗಿಡಕ್ಕೂ ನೀರು ಹಾಕಿದೆ. ಮಾವನ ಲಿಂಬೆಗೆ ಅತ್ತೆ ತಾವೇ ಬಂದು ಹಾಕಿದರು. ಗುರುಲಿಂಗಪ್ಪ ಬಂದು ಗುಂಡಿಯನ್ನು ನೋಡಿ, ನಾಳೆ ಜನ ಎಡವುತ್ತಾರೆ, ಮುಚ್ಚಿಸಿ ಅಂದರು. ಅತ್ತೆ, "ಮುಚ್ಚೂದಿಲ್ರಿ. ಎಡವಿದವರು ನೋಡಿ ನಡೀಲಿ" ಅಂದರು.

ಮಧ್ಯಾಹ್ನ ಮುತ್ತು ಮಾತಾಡಿದ. ಚಹಾ ಮಾಡ್ತೀಯೇನು ಅಂದ. ಮಾಡಿದೆ. ಇಬ್ಬರೂ ಹಿತ್ತಲಲ್ಲಿ ಕೂತು ಕುಡಿದೆವು. ಅಮೀರ ಮಾವ ತನಗೆ ಲಾರಿ ಹೊಡೆಯಲು ಕಲಿಸಿದ್ದನ್ನು ಹೇಳಿದ. ಅಕ್ಕನ ಗಂಡನನ್ನು ಮುತ್ತು ಮಾವ ಎಂದು ಕರೆದದ್ದನ್ನು ನಾನು ಕೇಳಿದ್ದು ಇದೇ ಮೊದಲು.

ಸಂಜೆ ಐದಕ್ಕೆ ಕೃಪಕ್ಕನ ಮೆಸೇಜ್ ಬಂತು. ಮುತ್ತುವಿನ ಫೋನಿಗಲ್ಲ, ನನ್ನದಕ್ಕೆ. ಅತ್ತೆ ಮೂರು ಸಲ ಓದಿಸಿದರು, ಇನ್ನೇನಾದರೂ ಇದೆಯೇ ಎಂದು ಕೆಳಗೂ ಮೇಲೂ ಸರಿಸಿ ನೋಡೆಂದರು. ಬೇರೇನೂ ಇರಲಿಲ್ಲ. ಯಾರ ಹೆಸರೂ ಇಲ್ಲ, ಬೈಗುಳವೂ ಇಲ್ಲ. ಇದ್ದದ್ದು ಇಷ್ಟು: ನಾಳೆ ಭಾನುವಾರ, ಸೊಲ್ಲಾಪುರ–ಹುಬ್ಬಳ್ಳಿ ಪ್ಯಾಸೆಂಜರ್, ಇಂಡಿ ರೋಡ್ ಸ್ಟೇಷನ್.